ವಿವೇಚನೆಗೆ ಬಿಟ್ಟದ್ದು ಎಂದರೆ ಮರ್ಜಿಗೆ ಬಿಟ್ಟದ್ದೇ?

ಪ್ರಶ್ನೆ: ನಾನು ತುಮಕೂರು ಜಿಲ್ಲೆಯ ತಾಲ್ಲೂಕು ಕೇಂದ್ರವೊಂದರಲ್ಲಿ ನೆಲೆಸಿರುವ ನಿವೃತ್ತ ಶಿಕ್ಷಕ. ನಮ್ಮ ಬಡಾವಣೆಯ ನಕ್ಷೆಯಲ್ಲಿ ಉದ್ಯಾನವೆಂದು ತೋರಿಸಿರುವ ಜಾಗವನ್ನು ಖಾಸಗಿ ಸಂಸ್ಥೆಯೊಂದಕ್ಕೆ ಗುತ್ತಿಗೆಗೆ ಕೊಡುವ ಪ್ರಸ್ತಾವಕ್ಕೆ ನಿವಾಸಿಗಳೆಲ್ಲ ಸೇರಿ ನಗರಸಭೆಗೆ ಆಕ್ಷೇಪಣೆ ಸಲ್ಲಿಸಿದೆವು. ‘ಸದರಿ ವಿಷಯವು ಸಕ್ಷಮ ಪ್ರಾಧಿಕಾರದ ವಿವೇಚನೆಗೆ ಒಳಪಟ್ಟಿರುವುದರಿಂದ ತಮ್ಮ ಮನವಿಯನ್ನು ಪರಿಗಣಿಸಲು ಬರುವುದಿಲ್ಲ’ ಎಂದು ಹಿಂಬರಹ ಬಂದಿದೆ. ನನ್ನ ತಮ್ಮ ಹಳೆಯ ಸಾಲದ ಏಕಕಾಲದ ತೀರುವಳಿಗೆ (ಒಪ್ಪಿದ ಮೊತ್ತವನ್ನು ಒಂದೇ ಸಲ ಕಟ್ಟಿ ಸಾಲ ಮುಗಿಸುವುದಕ್ಕೆ) ಅರ್ಜಿ ಹಾಕಿದರೆ, ಅದು ಬ್ಯಾಂಕಿನ ಸಂಪೂರ್ಣ ವಿವೇಚನೆಗೆ ಬಿಟ್ಟದ್ದೆಂದು ಬ್ಯಾಂಕಿನವರೂ ಬರೆದರು. ಬೆಂಗಳೂರಿನಲ್ಲಿರುವ ಮಗಳು ತನ್ನ ತಿಂಗಳ ಲೆಕ್ಕದಲ್ಲಿ ‘ಡಿಸ್ಕ್ರಿಷನರಿ’ ಎಂಬ ಕಾಲಂ ಇಟ್ಟುಕೊಂಡಿದ್ದಾಳೆ. ವಿವೇಚನೆ ಎಂಬುದೂ ಅದೇ ಪದ ಎನ್ನುತ್ತಾಳೆ. ಇವೆಲ್ಲ ಒಂದೇ ಪದವೇ? ವಿವೇಚನೆ ಎಂದರೆ ಅಧಿಕಾರದಲ್ಲಿರುವವರು ಮನಸ್ಸು ಬಂದಂತೆ ಮಾಡಬಹುದು ಎಂದು ಅರ್ಥವೇ?

ಉತ್ತರ: ಮೂರೂ ಕಡೆ ಇರುವುದು ಒಂದೇ ಪದ, ಅದರ ತಿರುಳೂ ಒಂದೇ. ಇಂಥದ್ದೇ ಆಗಬೇಕೆಂದು ಮೊದಲೇ ಗೊತ್ತುಮಾಡಿರದ ವಿಷಯದಲ್ಲಿ, ಎದುರಿಗಿರುವ ಸಂಗತಿಗಳನ್ನು ತೂಗಿ ನೋಡಿ ಒಂದನ್ನು ಆರಿಸಿಕೊಳ್ಳಲು ಯಾರಿಗಾದರೂ ಅವಕಾಶವಿದ್ದರೆ ಅದನ್ನು ಡಿಸ್ಕ್ರಿಷನರಿ ಎನ್ನುತ್ತಾರೆ. ಕನ್ನಡದ ಕಾನೂನು ಬರಹದಲ್ಲಿ ಅದಕ್ಕೆ ವಿವೇಚನೆ, ವಿವೇಚನಾಧಿಕಾರ ಎಂಬ ಪದಗಳು ನೆಲೆನಿಂತಿವೆ. ಆಯ್ಕೆ ಮಾಡುವವರು ಯಾರ ಸ್ವತ್ತಿನ ಬಗ್ಗೆ ಆಯ್ಕೆ ಮಾಡುತ್ತಿದ್ದಾರೆ, ಅದಕ್ಕಾಗಿ ಯಾರಿಗೆ ಉತ್ತರ ಹೇಳಬೇಕಾಗಿದೆ ಎಂಬಲ್ಲಿ ಮಾತ್ರ ಈ ಮೂರು ಬಳಕೆಗಳು ಬೇರೆಬೇರೆಯಾಗುತ್ತವೆ. ನಿಮ್ಮ ಮಗಳು ತನ್ನ ಸಂಬಳದ ಹಣದ ಬಗ್ಗೆ ತೀರ್ಮಾನಿಸುತ್ತಾಳೆ, ಯಾರಿಗೂ ಕಾರಣ ಕೊಡಬೇಕಾಗಿಲ್ಲ. ಬ್ಯಾಂಕು ಠೇವಣಿದಾರರ ಹಣದ ಬಗ್ಗೆ, ರಿಸರ್ವ್ ಬ್ಯಾಂಕಿನ ಕಟ್ಟಳೆಗಳ ಒಳಗೆ ತೀರ್ಮಾನಿಸುತ್ತದೆ. ನಗರಸಭೆಯಾದರೋ ಊರಿನವರ ಸ್ವತ್ತಿನ ಬಗ್ಗೆ, ಕಾಯ್ದೆಯೊಂದು ಕೊಟ್ಟಷ್ಟೇ ಅಧಿಕಾರದಿಂದ ತೀರ್ಮಾನಿಸಬೇಕು. ನಿಮಗೆ ಬಂದ ಹಿಂಬರಹವನ್ನು ಬರೆದವರು ಈ ಪದವನ್ನು ನಿಮ್ಮ ಮಗಳು ಬಳಸುವ ಅರ್ಥದಲ್ಲಿ ಬಳಸಿಬಿಟ್ಟಿದ್ದಾರೆ, ತೊಡಕಿರುವುದು ಅಲ್ಲಿ.

ಮಗಳ ಲೆಕ್ಕವನ್ನು ಬೇಗ ಮುಗಿಸೋಣ. ಮನೆ ಬಾಡಿಗೆ, ಸಾಲದ ಕಂತು, ವಿದ್ಯುತ್ ಬಿಲ್ಲು, ದಿನಸಿ ಇವು ತಪ್ಪಿಸಲಾಗದ ಖರ್ಚು. ಹೋಟೆಲು, ಪ್ರವಾಸ, ಹೊಸ ಫೋನು ಇವು ಮಾಡಿದರೂ ನಡೆಯುತ್ತದೆ, ಮುಂದಕ್ಕೆ ಹಾಕಿದರೂ ನಡೆಯುತ್ತದೆ ಎನ್ನುವ ಖರ್ಚು. ಈ ಎರಡನೆಯ ಗುಂಪಿಗೆ ಆ ಕಾಲಂ. ಷೇರು ಪೇಟೆಯವರು ಕಾರು, ಒಡವೆ, ಹೋಟೆಲು ಕಂಪನಿಗಳನ್ನು ‘ಕನ್ಸ್ಯೂಮರ್ ಡಿಸ್ಕ್ರಿಷನರಿ’ ಎಂದು ವಿಂಗಡಿಸುವುದೂ, ಸೋಪು ಚಹಾಪುಡಿ ಮಾರುವವರನ್ನು ಬೇರೆ ಗುಂಪಿಗೆ ಹಾಕುವುದೂ ಇದೇ ಲೆಕ್ಕದಿಂದ. ಆದರೆ ಈ ಬಳಕೆಯಲ್ಲೂ ‘ಬೇಡವಾದ ಖರ್ಚು’ ಎಂಬ ಅರ್ಥವಿಲ್ಲ. ಅಮೆರಿಕದ ಕೇಂದ್ರ ಬಜೆಟ್ಟಿನಲ್ಲಿ ವೃದ್ಧರ ಪಿಂಚಣಿ, ವೈದ್ಯಕೀಯ ವಿಮೆಗಳಂಥ ವೆಚ್ಚಗಳು ಹಿಂದೆಯೇ ಆಗಿರುವ ಕಾನೂನಿನ ಬಲದಿಂದ ತಾವಾಗಿ ನಡೆಯುತ್ತವೆ. ಉಳಿದದ್ದನ್ನು ಅಲ್ಲಿನ ಸಂಸತ್ತು ಪ್ರತಿವರ್ಷ ಹೊಸದಾಗಿ ಮಂಜೂರು ಮಾಡಬೇಕಾದ್ದರಿಂದ ಅದಕ್ಕೆ ಡಿಸ್ಕ್ರಿಷನರಿ ವೆಚ್ಚವೆಂದು ಹೆಸರು. ರಕ್ಷಣಾ ವೆಚ್ಚ ಈ ಎರಡನೆಯ ಗುಂಪಿನದು. ಸೇನೆ ಅನಗತ್ಯವೆಂದು ಅಲ್ಲಿ ಯಾರೂ ಅದರಿಂದ ಅರ್ಥಮಾಡಿಕೊಳ್ಳುವುದಿಲ್ಲ. ನಮ್ಮ ರಾಜ್ಯದ ಬಜೆಟ್ ಚರ್ಚೆಯಲ್ಲಿ ಸಂಬಳ, ಪಿಂಚಣಿ, ಬಡ್ಡಿಗಳನ್ನು ‘ಬದ್ಧ ವೆಚ್ಚ’ ಎನ್ನುತ್ತಾರಲ್ಲ, ಅದನ್ನು ಕಳೆದ ಮೇಲೆ ಸರ್ಕಾರದ ಕೈಯಲ್ಲಿ ಆಯ್ಕೆಗೆ ಉಳಿಯುವುದು ಇದಕ್ಕೆ ಸಮಾನವಾದದ್ದು. ಹೂಡಿಕೆಯ ಪತ್ರಗಳಲ್ಲೂ ಈ ಪದ ಬರುತ್ತದೆ. ಷೇರು ಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯ 2020ರ ನಿಯಮಗಳ ಪ್ರಕಾರ ಕನಿಷ್ಠ 50 ಲಕ್ಷ ರೂಪಾಯಿ ಇಟ್ಟು ಪೋರ್ಟ್‌ಫೋಲಿಯೊ ನಿರ್ವಹಣೆಗೆ (ತಮ್ಮ ಹೂಡಿಕೆಯನ್ನು ಬೇರೊಬ್ಬರು ನೋಡಿಕೊಳ್ಳುವುದಕ್ಕೆ) ಒಪ್ಪಿಸುವವರು ಡಿಸ್ಕ್ರಿಷನರಿ ಒಪ್ಪಂದಕ್ಕೆ ಸಹಿ ಹಾಕಿದರೆ, ಪ್ರತಿಯೊಂದು ಷೇರು ಕೊಳ್ಳುವಾಗಲೂ ಮಾರುವಾಗಲೂ ನಿರ್ವಾಹಕರು ಅವರನ್ನು ಕೇಳಬೇಕಾಗಿಲ್ಲ. ಸಹಿ ಹಾಕುವ ಮುನ್ನ ಆ ಒಂದು ಪದವನ್ನು ಗಮನಿಸುವುದು ಒಳ್ಳೆಯದು.

ಇನ್ನು ಸರ್ಕಾರಿ ಬಳಕೆಗೆ ಬರೋಣ. ಕನ್ನಡದಲ್ಲಿ ಪ್ರಕಟವಾದ ಯಾವುದೇ ಅಧಿನಿಯಮವನ್ನು ತೆರೆದು ನೋಡಿದರೆ ಕ್ರಿಯಾಪದಗಳು ಎರಡು ಬಗೆಯಲ್ಲಿ ಮುಗಿಯುವುದು ಕಾಣುತ್ತದೆ: ‘ಮಾಡತಕ್ಕದ್ದು’ ಮತ್ತು ‘ಮಾಡಬಹುದು’. ತಕ್ಕದ್ದು ಎಂದಿರುವ ಕಡೆ ಅಧಿಕಾರಿಗೆ ಆಯ್ಕೆಯಿಲ್ಲ. ಷರತ್ತುಗಳು ಪೂರೈಸಿದರೆ ಕೆಲಸ ಆಗಲೇಬೇಕು. ಬಹುದು ಎಂದಿರುವ ಕಡೆ ವಿವೇಚನೆ ಹುಟ್ಟುತ್ತದೆ. ಜಾಮೀನಿನ ವಿಷಯದಲ್ಲಿ ಈ ವ್ಯತ್ಯಾಸ ಬಹಳ ಸ್ಪಷ್ಟವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 478ನೇ ಪ್ರಕರಣದ (ಸೆಕ್ಷನ್) ಪ್ರಕಾರ, ಜಾಮೀನು ಕೊಡಬಹುದಾದ ಅಪರಾಧವಾದರೆ ಆರೋಪಿಗೆ ಜಾಮೀನು ಹಕ್ಕು, ಠಾಣಾಧಿಕಾರಿಯೇ ಬಿಡಬೇಕು. 480ನೇ ಪ್ರಕರಣಕ್ಕೆ ಸೇರುವ ಗಂಭೀರ ಅಪರಾಧವಾದರೆ ಸಂಗತಿಗಳನ್ನು ತೂಗಿ ಕೊಡುವುದೋ ಬಿಡುವುದೋ ಮ್ಯಾಜಿಸ್ಟ್ರೇಟರ ವಿವೇಚನೆಗೆ ಬಿಟ್ಟದ್ದು. ಹಾಗೆಂದು ಆ ಮ್ಯಾಜಿಸ್ಟ್ರೇಟರು ಆರೋಪಿಯ ಮುಖ ಹಿಡಿಸಲಿಲ್ಲವೆಂದು ಜಾಮೀನು ನಿರಾಕರಿಸಿದರೆ ನಾವು ಒಪ್ಪುತ್ತೇವೆಯೇ? ಒಪ್ಪುವುದಿಲ್ಲ. ಆರೋಪ ಎಷ್ಟು ಗಂಭೀರ, ಆರೋಪಿ ತಲೆಮರೆಸಿಕೊಳ್ಳುವ ಸಂಭವ ಇದೆಯೇ, ಸಾಕ್ಷಿಗಳನ್ನು ಹೆದರಿಸುವನೇ ಎಂಬುದನ್ನು ಅವರು ನೋಡಲೇಬೇಕು, ನೋಡಿದ್ದೇನೆಂದು ಆದೇಶದಲ್ಲಿ ಬರೆಯಲೇಬೇಕು. ಫಲಿತಾಂಶ ಅವರ ಕೈಯಲ್ಲಿದೆ, ಅದನ್ನು ಮುಟ್ಟುವ ದಾರಿ ಅವರ ಕೈಯಲ್ಲಿಲ್ಲ. ವಿವೇಚನೆಗೂ, ನಮ್ಮ ಕಚೇರಿಗಳ ಪಡಸಾಲೆಯಲ್ಲಿ ಜನ ಹೇಳುವ ‘ಸಾಹೇಬರ ಮರ್ಜಿ’ಗೂ ಇರುವ ಅಂತರ ಇಷ್ಟೇ, ಆದರೆ ಇದು ಸಣ್ಣದಲ್ಲ.

ಈ ತತ್ವ ಹೊಸದೂ ಅಲ್ಲ. 1598ರಲ್ಲಿ ಇಂಗ್ಲೆಂಡಿನ ರೂಕ್ ಪ್ರಕರಣದಲ್ಲಿ, ನದಿಯ ದಂಡೆ ರಿಪೇರಿಯ ವೆಚ್ಚವನ್ನು ಅಧಿಕಾರಿಗಳು ದಂಡೆಗೆ ತಾಗಿಕೊಂಡಿದ್ದ ಒಬ್ಬನೇ ಭೂಮಾಲೀಕನ ಮೇಲೆ ಹೊರಿಸಿದ್ದರು. ಪ್ರಯೋಜನ ಪಡೆದ ಇತರರಿಗೆ ಅದನ್ನು ಹಂಚಿರಲಿಲ್ಲ. ಕಾನೂನು ತಮಗೆ ವಿವೇಚನೆ ಕೊಟ್ಟಿದೆ ಎಂಬುದು ಅವರ ವಾದ. ವಿವೇಚನೆ ಎಂದರೆ ನ್ಯಾಯ ಯಾವುದು, ಅನ್ಯಾಯ ಯಾವುದು ಎಂದು ಬೇರ್ಪಡಿಸಿ ನೋಡುವುದೇ ಹೊರತು ಸ್ವೇಚ್ಛೆಯಲ್ಲ ಎಂದು ನ್ಯಾಯಾಲಯ ಆ ವಾದವನ್ನು ತಳ್ಳಿಹಾಕಿತು. ನಮ್ಮ ಸುಪ್ರೀಂ ಕೋರ್ಟ್ 1967ರ ಜೈಸಿಂಘಾನಿ ಪ್ರಕರಣದಲ್ಲಿ, ಕಾಯ್ದೆಯ ಆಳ್ವಿಕೆ ಇರುವಲ್ಲಿ ಯಾರಿಗೇ ಆಗಲಿ ಎಲ್ಲೆಯಿಲ್ಲದ ವಿವೇಚನಾಧಿಕಾರ ಇರಲಾರದು ಎಂದು ಹೇಳಿತು. ಅಲ್ಲಿಂದ ಮುಂದೆ ಬಂದ ತೀರ್ಪುಗಳ ಸಾಲಿನಲ್ಲಿ ನಿಮ್ಮ ಪ್ರಶ್ನೆಗೆ ನೇರವಾಗಿ ಹೊಂದುವ ಒಂದು ಪ್ರಕರಣ ನಮ್ಮ ಬೆಂಗಳೂರಿನದೇ ಆಗಿರುವುದರಿಂದ ಅದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೆಂಗಳೂರಿನ ರಾಜಮಹಲ್ ವಿಲಾಸ ಬಡಾವಣೆಯನ್ನು 1945ರ ಬೆಂಗಳೂರು ನಗರ ಅಭಿವೃದ್ಧಿ ಕಾಯ್ದೆಯ ಕೆಳಗೆ ರೂಪಿಸಿದಾಗ ಯೋಜನೆಯಲ್ಲಿ ಒಂದು ಜಾಗವನ್ನು ಉದ್ಯಾನಕ್ಕೆಂದು ತೆರೆದಿಟ್ಟಿದ್ದರು. 1976ರ ಮೇ ತಿಂಗಳ ಕೊನೆಯಲ್ಲಿ ಆ ಜಾಗವನ್ನು ನಾಗರಿಕ ಸೌಲಭ್ಯದ ನಿವೇಶನವನ್ನಾಗಿ ಮಾರ್ಪಡಿಸಿ ಸರ್ಕಾರದ ಆದೇಶ ಹೊರಬಿತ್ತು. ಜೂನ್ ತಿಂಗಳಲ್ಲಿ ಅದನ್ನು ಆಸ್ಪತ್ರೆ ಕಟ್ಟಲು ಬೆಂಗಳೂರು ಮೆಡಿಕಲ್ ಟ್ರಸ್ಟ್ ಎಂಬ ಖಾಸಗಿ ಸಂಸ್ಥೆಗೆ ಕೊಡಬೇಕೆಂದು ಇನ್ನೊಂದು ಆದೇಶ ಬಂತು. ಜುಲೈ ತಿಂಗಳಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಠರಾವು ಮಾಡಿ ಕೊಟ್ಟಿತು. ಇಡೀ ವ್ಯವಹಾರ ಮುಂದೆ ಸರಿದದ್ದು ಅಂದಿನ ಮುಖ್ಯಮಂತ್ರಿಯವರ ಸೂಚನೆಯ ಮೇಲೆ. ಬಡಾವಣೆಯ ನಿವಾಸಿಗಳು ಹೈಕೋರ್ಟಿಗೆ ಹೋದರು. ಏಕಸದಸ್ಯ ಪೀಠದಲ್ಲಿ ಸೋತರು, ವಿಭಾಗೀಯ ಪೀಠದಲ್ಲಿ ಗೆದ್ದರು. ಟ್ರಸ್ಟು ಸುಪ್ರೀಂ ಕೋರ್ಟಿಗೆ ಹೋಯಿತು. 1991ರಲ್ಲಿ ಬಂದ ಆ ತೀರ್ಪು ಕಾನೂನು ವಿದ್ಯಾರ್ಥಿಗಳಿಗೆಲ್ಲ ‘ಮುದ್ದಪ್ಪ ಪ್ರಕರಣ’ ಎಂದೇ ಪರಿಚಿತ; ನಿವಾಸಿಗಳು ಅಲ್ಲಿಯೂ ಗೆದ್ದರು.

ಸರ್ಕಾರದ ಕಡೆಯಿಂದ ಬಂದ ವಾದ ನಿಮ್ಮ ಹಿಂಬರಹದ ಭಾಷೆಗೆ ಬಹಳ ಹತ್ತಿರವಾದದ್ದು. ಪ್ರಾಧಿಕಾರದ ಕಾಯ್ದೆಯ 65ನೇ ಪ್ರಕರಣ ಸರ್ಕಾರಕ್ಕೆ ನಿರ್ದೇಶನ ಕೊಡುವ ಅಧಿಕಾರ ನೀಡಿದೆ, ಆಸ್ಪತ್ರೆಯೂ ಜನರ ಸೌಲಭ್ಯವೇ ಅಲ್ಲವೇ, ಉದ್ಯಾನ ಬೇಕೋ ಆಸ್ಪತ್ರೆ ಬೇಕೋ ಎಂಬುದನ್ನು ಸರ್ಕಾರ ತನ್ನ ವಿವೇಚನೆಯಿಂದ ತೀರ್ಮಾನಿಸಿದೆ ಎಂಬುದು ವಾದದ ಸಾರ. ನ್ಯಾಯಾಲಯ ಮೊದಲು ಆ 65ನೇ ಪ್ರಕರಣದ ಪದಗಳನ್ನೇ ಹಿಡಿದು ನೋಡಿತು. ಕಾಯ್ದೆಯ ಉದ್ದೇಶಗಳನ್ನು ನೆರವೇರಿಸಲು ಅಗತ್ಯವಾದ ನಿರ್ದೇಶನ ಕೊಡಬಹುದೆಂದು ಅಲ್ಲಿದೆ. ಉದ್ದೇಶವನ್ನೇ ಅಳಿಸಿಹಾಕುವ ನಿರ್ದೇಶನ ಅದರ ಒಳಗೆ ಬರುವುದಿಲ್ಲ. ಯೋಜನೆಯೊಂದು ಶಾಸನಬದ್ಧವಾಗಿ ಮಂಜೂರಾದ ಮೇಲೆ ಉದ್ಯಾನವನ್ನು ಬೇರೆಯದಕ್ಕೆ ತಿರುಗಿಸಬೇಕಾದರೆ ಯೋಜನೆಯನ್ನು ಮಾರ್ಪಡಿಸುವ ಕ್ರಮವನ್ನೇ ಅನುಸರಿಸಬೇಕು. ಹೀಗೆ ನೋಡಿದಾಗ ಅಲ್ಲಿ ವಿವೇಚನೆ ತಪ್ಪಾಗಿ ಬಳಕೆಯಾಯಿತೇ ಎಂಬುದಕ್ಕಿಂತ ಮೊದಲಿನ ಪ್ರಶ್ನೆಯೊಂದು ಏಳುತ್ತದೆ: ವಿವೇಚನೆ ಎಂಬುದು ಅಲ್ಲಿ ಇತ್ತೇ? ಈ ಮೊದಲ ಪ್ರಶ್ನೆಯನ್ನು ಕೇಳದೆ, ‘ವಿವೇಚನಾಧಿಕಾರ ಬಳಸಿ’ ಎಂಬ ಮಾತನ್ನು ನಂಬಿ ಹಿಂದೆ ಸರಿಯುವವರೇ ಹೆಚ್ಚು.

ಎರಡನೆಯದಾಗಿ, ಯಾರು ತೀರ್ಮಾನಿಸಿದರು ಎಂಬುದನ್ನು ನ್ಯಾಯಾಲಯ ನೋಡಿತು. ಪ್ರತ್ಯೇಕ ತೀರ್ಪು ಬರೆದ ನ್ಯಾಯಮೂರ್ತಿ ಆರ್.ಎಂ. ಸಹಾಯ್ ಅವರು ವಿವೇಚನೆಯ ಬಗ್ಗೆ ಬರೆದ ಪುಟಗಳನ್ನು ಆಡಳಿತ ತರಬೇತಿ ಪಡೆಯುವ ಪ್ರತಿಯೊಬ್ಬರೂ ಓದಬೇಕೆಂಬುದು ನನ್ನ ಅಭಿಪ್ರಾಯ. ಸಂಗತಿಗಳನ್ನು ಪರಿಶೀಲಿಸಿ, ಕಾನೂನು ಏನು ಹೇಳುತ್ತದೆಂದು ತಿಳಿದು, ಯಾವುದು ಹೆಚ್ಚಿನ ಹಿತವನ್ನು ಕಾಯುತ್ತದೆಂದು ವಸ್ತುನಿಷ್ಠವಾಗಿ ತೀರ್ಮಾನಿಸಿದರೆ ಮಾತ್ರ ಅದು ಸರಿಯಾದ ವಿವೇಚನೆ ಎಂಬುದು ಅವರ ಮಾತಿನ ಭಾವಾರ್ಥ. ಮೇಲಿನಿಂದ ಹೆಸರು ಬಂತು, ಕೆಳಗಿನವರು ಕಡತ ತಯಾರಿಸಿದರು ಎಂಬ ಕ್ರಮದಲ್ಲಿ ಈ ಮೂರರಲ್ಲಿ ಒಂದೂ ನಡೆದಿರುವುದಿಲ್ಲ. ಉದ್ಯಾನ ಹೋದರೆ ನಿಮಗೇನು ನಷ್ಟ, ನೀವು ಯಾರು ಕೇಳಲು ಎಂಬ ಆಕ್ಷೇಪವನ್ನೂ ಅಲ್ಲಿ ತಳ್ಳಿಹಾಕಲಾಯಿತು. ಬಡಾವಣೆಯ ನಿವಾಸಿಗಳಿಗೆ ಪ್ರಶ್ನಿಸುವ ಹಕ್ಕಿದೆ ಎಂಬುದು ಅಂದಿನಿಂದ ಗಟ್ಟಿಯಾಗಿದೆ. ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯ್ದೆಯಲ್ಲಿ ಈಗ 38ಎ ಪ್ರಕರಣವಿದ್ದು, ಉದ್ಯಾನ ಮತ್ತು ಆಟದ ಮೈದಾನಕ್ಕೆ ಕಾದಿರಿಸಿದ ಜಾಗವನ್ನು ಬೇರೆ ಉದ್ದೇಶಕ್ಕೆ ವಿಲೇವಾರಿ ಮಾಡಿದರೆ ಅದು ಅಸಿಂಧು ಎಂದು ಹೇಳುತ್ತದೆ. ನಿಮ್ಮ ಊರಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಆದರೆ ಬಡಾವಣೆಯ ನಕ್ಷೆಗೆ ಅನುಮೋದನೆ ಕೊಡುವುದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕೆಳಗಿನ ಕ್ರಮ. ಉದ್ಯಾನಗಳನ್ನೂ ಬಯಲು ಜಾಗಗಳನ್ನೂ ಕಾಯಲು 1985ರ ರಾಜ್ಯ ಕಾಯ್ದೆಯೊಂದು ಬೇರೆ ಇದೆ. ಆದ್ದರಿಂದ ಮುದ್ದಪ್ಪ ಪ್ರಕರಣದ ತರ್ಕ ನಿಮಗೂ ಒದಗುತ್ತದೆ.

ಅನುಮೋದಿತ ನಕ್ಷೆಯನ್ನು ಪಕ್ಕಕ್ಕಿಟ್ಟು, ನಗರಸಭೆಗೆ ನಿಜವಾಗಿಯೂ ವಿವೇಚನೆ ಇದೆ ಎಂದೇ ಒಂದು ಗಳಿಗೆ ಒಪ್ಪಿಕೊಳ್ಳೋಣ. ಆಗಲೂ ನಿಮ್ಮ ಹಿಂಬರಹ ನಿಲ್ಲುವುದಿಲ್ಲ. ಅದರ ವಾಕ್ಯವನ್ನು ಮತ್ತೊಮ್ಮೆ ಓದಿ: ವಿವೇಚನೆಗೆ ಒಳಪಟ್ಟಿರುವುದರಿಂದ ಪರಿಗಣಿಸಲು ಬರುವುದಿಲ್ಲ. ಇಲ್ಲಿ ‘ಇರುವುದರಿಂದ’ ಎಂಬ ಪದ ತಲೆಕೆಳಗಾಗಿದೆ. ವಿಷಯವನ್ನು ಕಾಯ್ದೆಯೇ ಗೊತ್ತುಮಾಡಿಬಿಟ್ಟಿದ್ದರೆ, ಇದರಲ್ಲಿ ನಾವು ಪರಿಗಣಿಸುವುದೇನೂ ಇಲ್ಲ ಎನ್ನಲು ಅಧಿಕಾರಿಗೆ ಜಾಗವಿತ್ತು. ವಿವೇಚನೆಗೆ ಬಿಟ್ಟಿದೆ ಎಂದ ಕೂಡಲೇ ಪರಿಗಣಿಸುವುದು ಅವರ ಕರ್ತವ್ಯವಾಗುತ್ತದೆ, ಏಕೆಂದರೆ ವಿವೇಚಿಸುವುದೆಂದರೆ ಅದೇ. ಆಕ್ಷೇಪಣೆಗಳನ್ನು ಓದಿದೆವು, ಇಂಥ ಕಾರಣಕ್ಕೆ ಒಪ್ಪಲಿಲ್ಲ ಎಂದು ಬರೆದಿದ್ದರೆ ಅದು ವಿವೇಚನೆಯ ಬಳಕೆ. ಈ ಹಿಂಬರಹ ಹೇಳುತ್ತಿರುವುದು ವಿವೇಚನೆಯನ್ನು ಬಳಸಲಿಲ್ಲವೆಂದು. ಇರುವ ಅಧಿಕಾರವನ್ನು ಬಳಸದೆ ಕೈತೊಳೆದುಕೊಳ್ಳುವುದನ್ನೂ, ದುರುಪಯೋಗದಂತೆಯೇ, ನ್ಯಾಯಾಲಯಗಳು ದೋಷವೆಂದೇ ನೋಡುತ್ತವೆ.

ವಿವೇಚನಾಧಿಕಾರ ಯಾರಿಗೆ ಕೊಟ್ಟಿದೆಯೋ ಅವರೇ ಅದನ್ನು ಚಲಾಯಿಸಬೇಕು ಎಂಬ ನಿಯಮಕ್ಕೆ ಇನ್ನೂ ಹಳೆಯ ಆಧಾರವಿದೆ. ಮುಂಬಯಿಯ ಅಂಧೇರಿಯಲ್ಲಿ ಚಿತ್ರಮಂದಿರ ಕಟ್ಟಲು ಪೊಲೀಸ್ ಕಮಿಷನರರು ಕೊಟ್ಟಿದ್ದ ಅನುಮತಿ ಸರ್ಕಾರದ ಸೂಚನೆಯ ಮೇಲೆ ರದ್ದಾಯಿತು. 1951ರಲ್ಲಿ ಸುಪ್ರೀಂ ಕೋರ್ಟ್ ಗೋರ್ಧನದಾಸ್ ಭಾಂಜಿ ಪ್ರಕರಣದಲ್ಲಿ, ನಿಯಮ ಅಧಿಕಾರ ಕೊಟ್ಟಿದ್ದು ಕಮಿಷನರರಿಗೆ, ರದ್ದು ಮಾಡುವ ತೀರ್ಮಾನ ಅವರದ್ದಾಗಿರಲಿಲ್ಲ, ಆದ್ದರಿಂದ ಆ ರದ್ದತಿಗೆ ಬಲವಿಲ್ಲ ಎಂದಿತು. ಆದೇಶ ಹೊರಡಿಸಿದ ಮೇಲೆ, ನನ್ನ ಮನಸ್ಸಿನಲ್ಲಿ ಹೀಗಿತ್ತು ಹಾಗಿತ್ತು ಎಂದು ಅಧಿಕಾರಿ ವಿವರಣೆ ಕೊಡುತ್ತ ಹೋದರೆ ಅದನ್ನು ಆದೇಶದ ಭಾಗವಾಗಿ ಓದಲಾಗದು ಎಂದೂ ಅಲ್ಲೇ ಹೇಳಿದೆ. ಆದೇಶದಲ್ಲಿ ಬರೆದದ್ದೇ ಕೊನೆ. ನಿಮ್ಮ ಹಿಂಬರಹದಲ್ಲಿ ಕಾರಣವಿಲ್ಲದಿರುವುದು ಇದರಿಂದಾಗಿ ನಿಮಗೆ ಅನುಕೂಲವೇ ಆಗಿದೆ.

ಸಾರ್ವಜನಿಕ ಸ್ವತ್ತನ್ನು ‘ವಿವೇಚನಾ ಕೋಟಾ’ ಎಂಬ ಹೆಸರಿನಲ್ಲಿ ಹಂಚುವ ರೂಢಿ ನಮ್ಮಲ್ಲಿ ಬಹುಕಾಲ ಇತ್ತು, ಕೆಲವೆಡೆ ಇಂದಿಗೂ ಇದೆ. ಕೇಂದ್ರದ ಪೆಟ್ರೋಲಿಯಂ ಸಚಿವರೊಬ್ಬರು ತಮ್ಮ ಕೋಟಾದಲ್ಲಿ ಹಂಚಿದ್ದ 15 ಪೆಟ್ರೋಲ್ ಬಂಕ್‌ಗಳನ್ನು ಸುಪ್ರೀಂ ಕೋರ್ಟ್ 1996ರಲ್ಲಿ ರದ್ದು ಮಾಡಿತು. ಪಡೆದವರಲ್ಲಿ ಪ್ರಭಾವಿಗಳ ನಂಟರು ಇದ್ದರು, ಅವರನ್ನೇ ಏಕೆ ಆರಿಸಿದರೆಂಬುದಕ್ಕೆ ಕಡತದಲ್ಲಿ ಒಪ್ಪತಕ್ಕ ಆಧಾರವಿರಲಿಲ್ಲ. ಬೆಂಗಳೂರಿನಲ್ಲಿ ‘ಜಿ ಕೆಟಗರಿ ಸೈಟು’ ಎಂಬ ಮಾತು ಕೇಳದವರು ಕಡಿಮೆ. ಮುಖ್ಯಮಂತ್ರಿಗಳ ವಿವೇಚನೆಯ ಮೇಲೆ ಹಂಚಿಕೆಯಾಗುತ್ತಿದ್ದ ಆ ನಿವೇಶನಗಳೂ ಹೈಕೋರ್ಟಿನ ಮೆಟ್ಟಿಲೇರಿದವು. ಕೇಂದ್ರೀಯ ವಿದ್ಯಾಲಯಗಳಲ್ಲಿ ಪ್ರತಿಯೊಬ್ಬ ಸಂಸದರೂ ವರ್ಷಕ್ಕೆ 10 ಮಕ್ಕಳ ಹೆಸರನ್ನು ಶಿಫಾರಸು ಮಾಡಬಹುದಾಗಿದ್ದ ಕೋಟಾ 2022ರಲ್ಲಿ ನಿಂತಿತು. ಇಂಥವು ಕಡಿಮೆಯಾಗುತ್ತ ಬಂದದ್ದು ನನಗೆ ಸಮಾಧಾನದ ವಿಷಯವಾದರೂ ಇನ್ನೊಂದು ಮಾತು ಹೇಳಲೇಬೇಕು. ವಿವೇಚನೆಯನ್ನು ಪೂರ್ತಿಯಾಗಿ ಕಿತ್ತುಹಾಕಿದ ಆಡಳಿತವೂ ಜನರಿಗೆ ಕಷ್ಟವೇ. ಜ್ವರದಿಂದ ಆಸ್ಪತ್ರೆಯಲ್ಲಿ ಮಲಗಿ ಹಾಜರಾತಿ ಕಡಿಮೆಯಾದ ವಿದ್ಯಾರ್ಥಿಗೂ, ದುಡಿಯುವವರನ್ನು ಕಳೆದುಕೊಂಡು ಅನುಕಂಪದ ಆಧಾರದ ನೇಮಕಾತಿಗೆ ಅರ್ಜಿ ಹಾಕಿದ ಮನೆಯವರಿಗೂ, ನಿಯಮದ ಅಕ್ಷರವನ್ನು ದಾಟಿ ನೋಡಬಲ್ಲ ಒಬ್ಬ ಅಧಿಕಾರಿ ಬೇಕಾಗುತ್ತಾರೆ. ಇಪ್ಪತ್ತು ವರ್ಷದ ಮುಂದಿನ ಪ್ರತಿಯೊಂದು ಸಂದರ್ಭವನ್ನೂ ಊಹಿಸಿ ನಿಯಮ ಬರೆಯಲು ಶಾಸಕರಿಗೆ ಆಗದು ಎಂಬ ಕಾರಣಕ್ಕೇ ‘ಬಹುದು’ ಎಂಬ ಪದ ಕಾಯ್ದೆಗಳಲ್ಲಿ ಉಳಿದುಕೊಂಡಿದೆ.

ರಾಜಕೀಯ ಸುದ್ದಿಗಳಲ್ಲಿ ಕೇಳಿಬರುವ ‘ಸಂಪುಟ ವಿಸ್ತರಣೆ ಮುಖ್ಯಮಂತ್ರಿಯವರ ಪರಮಾಧಿಕಾರ’ ಎಂಬ ಮಾತನ್ನು ಇದರೊಡನೆ ಬೆರೆಸಬೇಡಿ. ಪರಮಾಧಿಕಾರ ಎನ್ನುವಾಗ ಕಾರಣ ಕೇಳುವ ಪ್ರಶ್ನೆಯೇ ಇಲ್ಲವೆಂಬ ಧ್ವನಿಯಿದೆ. ವಿವೇಚನೆಯಲ್ಲಿ ಆ ಧ್ವನಿಯಿಲ್ಲ, ಅದನ್ನು ಹೊಂದಿರುವವರು ರಾಜ್ಯಪಾಲರಾದರೂ ಸರಿಯೇ. ಸಂವಿಧಾನದ 163ನೇ ಅನುಚ್ಛೇದ ರಾಜ್ಯಪಾಲರ ವಿವೇಚನೆಯನ್ನು ಅದೇ ಪದದಿಂದ ಕರೆಯುತ್ತದೆ, ಅಲ್ಲಿ ಅವರ ತೀರ್ಮಾನವೇ ಅಂತಿಮವೆಂದೂ ಹೇಳುತ್ತದೆ. ಆದರೂ 1989ರ ಏಪ್ರಿಲಿನಲ್ಲಿ ಬೊಮ್ಮಾಯಿ ಸರ್ಕಾರಕ್ಕೆ ಬಹುಮತವಿಲ್ಲವೆಂದು ರಾಜ್ಯಪಾಲರು ಕೆಲವು ಶಾಸಕರ ಪತ್ರಗಳನ್ನು ನಂಬಿ ವರದಿ ಕಳುಹಿಸಿ, ಸದನದಲ್ಲಿ ಬಲಾಬಲ ನೋಡುವ ಅವಕಾಶ ಕೊಡದೆ ಹೋದಾಗ, 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಬಹುಮತ ಗೊತ್ತಾಗಬೇಕಾದ ಜಾಗ ಸದನವೇ ಹೊರತು ರಾಜ್ಯಪಾಲರ ವೈಯಕ್ತಿಕ ಅಭಿಪ್ರಾಯವಲ್ಲ ಎಂದಿತು. 2018ರ ಮೇ ತಿಂಗಳಲ್ಲಿ ಯಡಿಯೂರಪ್ಪನವರಿಗೆ ಬಹುಮತ ಸಾಬೀತುಪಡಿಸಲು ರಾಜ್ಯಪಾಲರು 15 ದಿನ ಕೊಟ್ಟಿದ್ದನ್ನು ನ್ಯಾಯಾಲಯ ಮೊಟಕುಮಾಡಿ ಮರುದಿನವೇ ನಡೆಸಲು ಹೇಳಿದ್ದು ನಿಮಗೆ ನೆನಪಿರಬಹುದು.

ಇಷ್ಟು ಹೇಳಿದ ಮೇಲೆ ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ನಿಮ್ಮನ್ನು ದಾರಿತಪ್ಪಿಸಿದಂತಾಗುತ್ತದೆ. ಅಧಿಕಾರವಿದ್ದು, ಎಲ್ಲವನ್ನೂ ತೂಗಿ, ಕಾರಣ ಬರೆದು, ನಿಮಗೆ ಒಪ್ಪಿಗೆಯಾಗದ ತೀರ್ಮಾನವನ್ನು ಅಧಿಕಾರಿ ಕೈಗೊಂಡರೆ ನ್ಯಾಯಾಲಯ ಸಾಮಾನ್ಯವಾಗಿ ಕೈಹಾಕುವುದಿಲ್ಲ. ತಾನು ಆ ಜಾಗದಲ್ಲಿದ್ದರೆ ಬೇರೆ ತೀರ್ಮಾನ ಮಾಡುತ್ತಿದ್ದೆ ಎಂದು ನ್ಯಾಯಾಧೀಶರಿಗೆ ಅನ್ನಿಸಿದರೂ ಅಷ್ಟು ಸಾಲದು. ವಿವೇಕವುಳ್ಳ ಯಾರೂ ಮಾಡಲಾರದಂಥ ತೀರ್ಮಾನವಾಗಿರಬೇಕು. ಇಂಗ್ಲೆಂಡಿನ 1947ರ ವೆಡ್ನ್ಸ್‌ಬರಿ ಪ್ರಕರಣದಿಂದ ಬಂದ ಈ ಅಳತೆಯನ್ನು ನಮ್ಮ ನ್ಯಾಯಾಲಯಗಳೂ ಬಳಸುತ್ತವೆ. ಆದ್ದರಿಂದ ‘ನಮಗೆ ಉದ್ಯಾನವೇ ಬೇಕು’ ಎಂಬ ವಾದಕ್ಕಿಂತ, ‘ಬೇರೆಯದಕ್ಕೆ ಕೊಡುವ ಅಧಿಕಾರ ನಿಮಗಿಲ್ಲ, ಇದ್ದರೂ ನೀವು ನಮ್ಮ ಮಾತನ್ನು ಕೇಳಿಲ್ಲ’ ಎಂಬ ವಾದಕ್ಕೆ ಬಲ ಹೆಚ್ಚು.

ನಿಮ್ಮ ತಮ್ಮನವರ ವಿಷಯ ಈ ಕಡೆಯದು. ಏಕಕಾಲದ ತೀರುವಳಿಯನ್ನು ಸಾಲಗಾರರು ಹಕ್ಕಾಗಿ ಕೇಳುವಂತಿಲ್ಲ, ಅದಕ್ಕಾಗಿ ಬ್ಯಾಂಕಿಗೆ ಆಜ್ಞೆ ಮಾಡಲು ಹೈಕೋರ್ಟಿಗೂ ಬರುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಡಿಸೆಂಬರಿನಲ್ಲಿ ಬಿಜನೌರಿನ ಸಹಕಾರಿ ಬ್ಯಾಂಕೊಂದರ ಪ್ರಕರಣದಲ್ಲಿ ತೀರ್ಮಾನಿಸಿದೆ. ‘ಸಂಪೂರ್ಣ ವಿವೇಚನೆ’ ಎಂಬ ಮಾತು ಇಲ್ಲಿ ಬಹುಮಟ್ಟಿಗೆ ನಿಜವೇ. ಆದರೂ ‘ಸಂಪೂರ್ಣ’ ಎಂಬುದನ್ನು ಅಕ್ಷರಶಃ ತೆಗೆದುಕೊಳ್ಳಬೇಕಾಗಿಲ್ಲ. ರಿಸರ್ವ್ ಬ್ಯಾಂಕ್ 2023ರ ಜೂನ್ 8ರಂದು ಹೊರಡಿಸಿದ ಸುತ್ತೋಲೆಯ ಪ್ರಕಾರ ರಾಜಿ ತೀರುವಳಿಗಳಿಗೆ ಪ್ರತಿಯೊಂದು ಬ್ಯಾಂಕೂ ತನ್ನ ಆಡಳಿತ ಮಂಡಳಿ ಒಪ್ಪಿದ ನೀತಿಯನ್ನು ಇಟ್ಟುಕೊಂಡಿರಬೇಕು. ಬ್ಯಾಂಕೇ ಒಂದು ಯೋಜನೆಯನ್ನು ಪ್ರಕಟಿಸಿದ್ದು, ಅದರ ಷರತ್ತುಗಳಿಗೆ ನಿಮ್ಮ ತಮ್ಮನವರ ಸಾಲ ಹೊಂದುತ್ತಿದ್ದರೆ, ಯಾವ ಷರತ್ತಿಗೆ ಹೊಂದಲಿಲ್ಲವೆಂದು ಲಿಖಿತವಾಗಿ ಕೇಳುವುದು ನ್ಯಾಯವಾದ ಬೇಡಿಕೆ. ಇದಕ್ಕಿಂತ ಹೆಚ್ಚಿನದನ್ನು ನಿರೀಕ್ಷಿಸಿ ವಕೀಲರಿಗೆ ಹಣ ಸುರಿಯುವುದು ಬೇಡ. ಬ್ಯಾಂಕಿನ ವಾಣಿಜ್ಯ ತೀರ್ಮಾನಗಳನ್ನು ಗ್ರಾಹಕರ ದೂರುಗಳನ್ನು ಕೇಳುವ ರಿಸರ್ವ್ ಬ್ಯಾಂಕಿನ 2021ರ ಒಂಬುಡ್ಸ್‌ಮನ್ ಯೋಜನೆಯೂ ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತು.

ಉದ್ಯಾನದ ವಿಷಯದಲ್ಲಿ ಈಗ ಮಾಡಬೇಕಾದದ್ದು ಇದು. ನಗರಸಭೆಗೆ ಮಾಹಿತಿ ಹಕ್ಕಿನ ಅರ್ಜಿಯನ್ನು ನಮೂನೆ ‘ಎ’ಯಲ್ಲಿ 10 ರೂಪಾಯಿ ಶುಲ್ಕದೊಡನೆ ಕೊಡಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದಗಳ ಮಿತಿ ಇರುವುದರಿಂದ ದೂರು ಬರೆಯಲು ಹೋಗದೆ ದಾಖಲೆಗಳನ್ನಷ್ಟೇ ಕೇಳಿ: ಬಡಾವಣೆಯ ಅನುಮೋದಿತ ನಕ್ಷೆ, ರಸ್ತೆ ಮತ್ತು ಉದ್ಯಾನದ ಜಾಗವನ್ನು ನಗರಸಭೆಗೆ ಬಿಟ್ಟುಕೊಟ್ಟ ಪತ್ರ, ಗುತ್ತಿಗೆಯ ಪ್ರಸ್ತಾವ ಚರ್ಚೆಯಾದ ಸಭೆಯ ನಡವಳಿ ಮತ್ತು ಠರಾವು, ನಿಮ್ಮ ಆಕ್ಷೇಪಣೆಯ ಕಡತದ ಟಿಪ್ಪಣಿ ಹಾಳೆಗಳು. ಯಾವ ಕಾಯ್ದೆಯ ಯಾವ ಪ್ರಕರಣದ ಕೆಳಗೆ ಈ ವಿವೇಚನಾಧಿಕಾರ ಬಂದಿದೆ ಎಂಬುದು ಠರಾವಿನಲ್ಲೋ ಟಿಪ್ಪಣಿಯಲ್ಲೋ ಇರಲೇಬೇಕು. ಇಲ್ಲದಿದ್ದರೆ ಅದು ಇಲ್ಲ ಎಂಬುದೇ ನಿಮ್ಮ ಕೈಗೆ ಸಿಗುವ ಮುಖ್ಯ ದಾಖಲೆ. ಟಿಪ್ಪಣಿ ಹಾಳೆಯಲ್ಲಿ ‘ಚರ್ಚಿಸಿದಂತೆ’, ‘ಮೌಖಿಕ ಸೂಚನೆಯಂತೆ’ ಎಂಬ ಪದಗಳೇನಾದರೂ ಕಂಡರೆ ಅವುಗಳಿಗೆ ಗುರುತು ಹಾಕಿಟ್ಟುಕೊಳ್ಳಿ, ಮುಂಬಯಿಯ ಕಮಿಷನರರ ಪ್ರಕರಣ ಉಪಯೋಗಕ್ಕೆ ಬರುವುದು ಅಲ್ಲಿ. 30 ದಿನದೊಳಗೆ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ ಹಾಕಬಹುದು. ಮಾಹಿತಿ ಹಕ್ಕು ಕಾಯ್ದೆಯ 4(1)(ಡಿ) ಪ್ರಕರಣ ತನ್ನ ಆಡಳಿತಾತ್ಮಕ ತೀರ್ಮಾನಗಳಿಗೆ ಕಾರಣವನ್ನು ಬಾಧಿತರಿಗೆ ತಿಳಿಸುವ ಹೊಣೆಯನ್ನು ಕಚೇರಿಯ ಮೇಲೆಯೇ ಹೊರಿಸಿದೆ. ಅರ್ಜಿಯಲ್ಲಿ ಅದನ್ನು ನಮೂದಿಸಿ.

ಇದರ ಜೊತೆಗೇ ಜಿಲ್ಲಾಧಿಕಾರಿಗಳಿಗೂ ಮನವಿ ಕೊಡಿ. ನಗರಸಭೆಯ ಕಾನೂನುಬಾಹಿರ ಠರಾವಿನ ಜಾರಿಯನ್ನು ತಡೆಹಿಡಿಯುವ ಅಧಿಕಾರವನ್ನು 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮ ಅವರಿಗೆ ಕೊಟ್ಟಿದೆ. ಅಲ್ಲಿಯೂ ಕೆಲಸವಾಗದಿದ್ದರೆ ಸಂವಿಧಾನದ 226ನೇ ಅನುಚ್ಛೇದದ ಕೆಳಗೆ ಹೈಕೋರ್ಟಿಗೆ ರಿಟ್ ಅರ್ಜಿ. ರಿಟ್ ಪರಿಹಾರವೂ ವಿವೇಚನೆಗೆ ಬಿಟ್ಟದ್ದೇ ಎಂಬುದನ್ನು ಮರೆಯಬೇಡಿ: ಕಾನೂನು ನಿಮ್ಮ ಕಡೆಗಿದ್ದರೂ, ತಡಮಾಡಿ ಬಂದಿರಿ, ಸಂಗತಿ ಮುಚ್ಚಿಟ್ಟಿರಿ, ಬೇರೆ ದಾರಿ ಇದ್ದರೂ ಹಿಡಿಯಲಿಲ್ಲ ಎಂಬ ಕಾರಣಗಳಿಗೆ ನ್ಯಾಯಾಲಯ ಪರಿಹಾರ ನಿರಾಕರಿಸಬಹುದು. ಗುತ್ತಿಗೆ ಪತ್ರ ನೋಂದಣಿಯಾಗಿ, ಜಾಗದಲ್ಲಿ ಪಾಯ ಎದ್ದು, ಸಂಸ್ಥೆ ಹಣ ಹಾಕಿದ ಮೇಲೆ ಹೋದರೆ ಮೊದಲ ಪ್ರಶ್ನೆ ತಡದ ಬಗ್ಗೆಯೇ ಬರುತ್ತದೆ. ಆದ್ದರಿಂದ ಹಿಂಬರಹದ ಮೂಲ ಪ್ರತಿಯನ್ನು ಅದು ಬಂದ ಲಕೋಟೆಯ ಸಮೇತ ತೆಗೆದಿಟ್ಟು, ಮಾಹಿತಿ ಹಕ್ಕಿನ ಅರ್ಜಿಯನ್ನು ಈ ವಾರವೇ ಸಲ್ಲಿಸಿ.